ಒಂಬತ್ತನೇ ಕೋಣೆ

ನರೀನ್ ಪಟ್ಟಣದ ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರಿಗಾಗಿ ಕಾಯುತ್ತಿದ್ದ ಬುರುಲ್ ಅಜ್ಜಿಗೆ ಪಕ್ಕದ ಬೆಂಚಿನಲ್ಲಿದ್ದ ಮೂವರು ಹೆಂಗಸರ ಮಾತು ಕೇಳಿಸಿತು.

“ಮಗಳಿಗೇನಾಗಿದೆ?” ಎಂದಳು ಕನ್ನಡಕದವಳು.

“ಸೊಸೆ, ಅಕ್ಕ. ಹೆರಿಗೆಯಾದಾಗಿಂದ ನಿದ್ದೆಯಿಲ್ಲ. ಮಗೂನ ಎತ್ಕೊಳ್ಳೋಕೂ ಹೆದರ್ತಾಳೆ.”

“ಅದಕ್ಕೆ ಮನೋವೈದ್ಯರು ಬೇಕು. ಒಂಬತ್ತನೇ ಕೋಣೆ.”

“ಅಲ್ಲಿ ಹುಚ್ಚರ ಪಟ್ಟೀಲಿ ಹೆಸರು ಬರೀತಾರಂತಲ್ಲ. ಆಮೇಲೆ ಇವಳ ಶಾಲೆ ಕೆಲಸ ಹೋದ ಹಾಗೇ.”

“ನಾನೂ ಟೀಚರೇ. ಒಂದು ವರ್ಷ ಆ ಕೋಣೆಗೆ ಹೋಗಿದ್ದೆ. ಈಗಲೂ ಪಾಠ ಮಾಡ್ತಿದೀನಿ. ಮಕ್ಕಳು ಮಾತ್ರ ಹಾಗೇ ದಡ್ಡರು.”

“ಒಳಗೇನು ಮಾಡ್ತಾರೆ?”

“ಹೇಳಿದ್ದನ್ನ ಕೂತು ಕೇಳ್ತಾರೆ. ಬೇಕಾದ್ರೆ ಮಾತ್ರೆ ಬರ್ಕೊಡ್ತಾರೆ.”

ಸೊಸೆ ಮೊದಲ ಸಲ ಬಾಯಿಬಿಟ್ಟಳು. “ಮಗೂನ ಕಿತ್ಕೊಳ್ತಾರಾ?”

“ಇಲ್ಲ ತಾಯಿ. ಏಳು, ನಾನೂ ಬರ್ತೀನಿ.”

ಅತ್ತೆ ಸೊಸೆಯ ತಲೆವಸ್ತ್ರವನ್ನು ಎಳೆದು ಮುಖ ಮರೆಮಾಡಿದಳು. ಕನ್ನಡಕದವಳು ತನ್ನದನ್ನು ಹೆಗಲಿಗಿಳಿಸಿ, ಸಾಲಿನವರಿಗೆಲ್ಲ ಕಾಣುವಂತೆ ಮುಂದೆ ನಡೆದಳು.