ಗೋಡೆಗೆ ಬಿಗಿಸಿದ ಹೊಗೆ ಪೈಪು

ಕಡಲ ದಂಡೆಯ ಒಂದೂರಲ್ಲಿ ಒಬ್ಬ ಬೋಟ್ ಸಾಹುಕಾರ ಇದ್ದ. ಉಕ್ಕಿನ ದೊಡ್ಡ ಬೋಟು. ಇಂಜಿನ್ ನೋಡಿಕೊಳ್ಳುವವನು ಅವನ ಸ್ವಂತ ತಮ್ಮ. ಇಂಜಿನ್ನಿನ ಹೊಗೆ ಮೇಲಕ್ಕೆ ಹೋಗ್ಲಿಕ್ಕೆ ಒಂದು ಪೈಪ್ ಇರ್ತದೆ, ನೋಡಿ. ಅದು ಗಡಗಡ ಅಲುಗಾಡ್ತಿತ್ತು. ಸಾಹುಕಾರನಿಗೆ ಸದ್ದೆಂದರೆ ಆಗದು. ಪೈಪನ್ನು ಇಂಜಿನ್ ರೂಮಿನ ಉಕ್ಕಿನ ಗೋಡೆಗೇ ವೆಲ್ಡಿಂಗ್ ಮಾಡಿಸಿಬಿಟ್ಟ. ಸದ್ದು ನಿಂತಿತು. ಸದ್ದು ನಿಂತರೆ ಎಲ್ಲ ಸರಿಯಾಯ್ತು ಅಂತ ಲೆಕ್ಕ, ಅಲ್ವಾ? ನಮ್ಮ ಹಾಗೇ!

ಎರಡು ವಾರಕ್ಕೆ ತಮ್ಮ ಬಂದ. "ಅಣ್ಣಾ, ವೆಲ್ಡಿಂಗಿನ ಅಂಚಲ್ಲಿ ಬಿರುಕುಂಟು. ಕೂದಲಿನಷ್ಟು." ಮತ್ತೆ ವೆಲ್ಡಿಂಗ್ ಆಯ್ತು. ಪಕ್ಕದಲ್ಲೇ ಮತ್ತೆ ಬಿರುಕು. ಮತ್ತೆ ವೆಲ್ಡಿಂಗ್. ಮತ್ತೆ ಬಿರುಕು. ಮೂರನೇ ಸಲ ವೆಲ್ಡರನೇ ಕೈಚೆಲ್ಲಿದ.

"ಸಾಹುಕಾರ್ರೇ, ಬಿಸಿಯಾದ ಪೈಪ್ ಹಿಗ್ಗಬೇಕು, ತಣ್ಣಗಾದ್ರೆ ಕುಗ್ಗಬೇಕು. ನೀವು ಅದಕ್ಕೆ ಜಾಗವೇ ಬಿಡ್ಲಿಲ್ಲ. ದಿನಾ ಎಳೆದಾಡಿ ಎಳೆದಾಡಿ ಸೋತು ಹೋಗಿದೆ. ಗೋಡೆಯಿಂದ ಬಿಡಿಸುವ. ನಾಲ್ಕು ದಿನದ ಕೆಲಸ."

ನಾಲ್ಕು ದಿನ! ಬಂಗುಡೆ ಮೀನಿನ ಸೀಸನಲ್ಲಿ! ಸಾಹುಕಾರ ಏನು ಮಾಡಿದ? ಬಿರುಕಿನ ಮೇಲೆ ಬಟ್ಟೆ ಸುತ್ತಿಸಿ, ತಾನೇ ಹತ್ತಿ, ಬೋಟ್ ಹೊರಡಿಸಿದ.

ಎರಡನೇ ದಿನ, ನಡುಗಡಲಲ್ಲಿ ತಮ್ಮ ಅಂದ: "ಅಣ್ಣಾ, ತಲೆ ಸಿಡೀತಾ ಉಂಟು." ಅಣ್ಣ ಮಾತ್ರೆ ಕೊಟ್ಟ. "ಬಿಸಿಲಿಗೆ ಮಾರಾಯ." ಇಂಜಿನ್ ರೂಮಲ್ಲಿ ಎಲ್ಲಿಯ ಬಿಸಿಲು ಸ್ವಾಮಿ? ಸ್ವಲ್ಪ ಹೊತ್ತಿಗೆ ಮೇಲಿಂದ ಕರೆದರೆ ಉತ್ತರವಿಲ್ಲ. ಇಳಿದು ನೋಡ್ತಾನೆ, ಬಟ್ಟೆ ಸುಟ್ಟಿದೆ, ಬಿರುಕು ಬಾಯಿ ಬಿಟ್ಟಿದೆ, ಹೊಗೆಯೆಲ್ಲ ಒಳಗೇ. ತಮ್ಮ ನೆಲದ ಮೇಲೆ. ಬೋಟಿನ ಕೆಲಸದವರೆಲ್ಲ ಸೇರಿ ಎಳೆದು ಮೇಲೆ ತಂದರು. ಉಸಿರುಂಟಾ? ಇಲ್ವಾ? ಇಂಜಿನ್ ಹಾಕುವ ಹಾಗಿಲ್ಲ. ಇನ್ನೊಂದು ಬೋಟ್ ಬಂದು ಎಳೆದು ದಡ ಸೇರಿಸ್ಲಿಕ್ಕೆ ಆರು ಗಂಟೆ. ಆರು ಗಂಟೆಯೂ ಅಣ್ಣ ತಮ್ಮನ ಮೂಗಿನ ಹತ್ತಿರ ಬೆರಳಿಟ್ಟು ಕೂತಿದ್ದ.

ತಮ್ಮ ಬದುಕಿದ. ನೀವೆಲ್ಲ ಉಸಿರು ಬಿಟ್ಟಿರಿ, ನೋಡಿದೆ. ನಾನು ಬಿಡ್ಲಿಲ್ಲ. ಯಾಕೆಂದರೆ ನಿಮ್ಮ ಮನೆಗಳು ನನಗೆ ಗೊತ್ತು. ಹೆಂಡತಿ "ನನ್ನಿಂದಾಗ್ತಾ ಇಲ್ಲ" ಅಂದರೆ ಏನಂತೀರಿ? "ಸ್ವಲ್ಪ ಮಲಗು, ಸರಿಯಾಗ್ತದೆ." ಮಗಳು ಎದುರು ಮಾತಾಡಿದರೆ? "ಬಾಯಿ ಮುಚ್ಚು." ನಮ್ಮನೇಲಿ ಒಂದು ಗಲಾಟೆ ಇಲ್ಲ ಅಂತ ಹೆಮ್ಮೆ ಬೇರೆ! ನನಗೆ ಭಯವಾಗ್ತದೆ. ನಿಜವಾಗಿ ಭಯವಾಗ್ತದೆ.

ಇವತ್ತು ಹೋಗಿ, ನೀವೇ ಗದರಿಸಿ ಸುಮ್ಮನಾಗಿಸಿದ ಒಬ್ಬರ ಎದುರು ಕೂತುಕೊಳ್ಳಿ. "ಅವತ್ತು ನೀನು ಏನು ಹೇಳ್ಲಿಕ್ಕೆ ಹೊರಟಿದ್ದೆ?" ಅಂತ ಕೇಳಿ. ಹೇಳುವಾಗ ನಡುವೆ ಬಾಯಿ ಹಾಕಬೇಡಿ. "ಏನಿಲ್ಲ ಬಿಡಿ" ಅಂದರೆ, ಎದ್ದು ಬರಬೇಡಿ. ಅಲ್ಲೇ ಕೂತಿರಿ.