ಕಾಯುವವರಿಗಾಗಿ ನಲವತ್ತೆಂಟು ಸೆಕೆಂಡು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಗೆ, ಅವರ ಮಗಳಿಗೆ, ನಮ್ಮ ಸೂಪರ್‌ವೈಸರ್ ಮೇಡಂಗೆ, ಕೆಲಸದ ಬಟ್ಟೆಯಲ್ಲೇ ಬಂದಿರುವ ಫಿಟ್ಟರುಗಳಿಗೆ — ನಮಸ್ಕಾರ.

ಇವತ್ತು ಬೆಳಗಿನ ಜಾವ ನಾಲ್ಕು ಹತ್ತಕ್ಕೆ ನನಗೆ ಎಚ್ಚರವಾಯಿತು. ಅಡುಗೆಮನೆಯ ನಲ್ಲಿ ಗೊರಗೊರ ಎನ್ನುತ್ತಿತ್ತು. ರಾತ್ರಿ ನೀರು ಬರಲಿಲ್ಲವೆಂದು ತಿರುಗಿಸಿ ಹಾಗೇ ಬಿಟ್ಟಿದ್ದೆ. ನೀರಿಗೆ ಮೊದಲು ಗಾಳಿ ಬರುತ್ತದೆ, ಅದು ಇಲ್ಲಿರುವ ಎಲ್ಲರಿಗೂ ಗೊತ್ತು. ಎದ್ದು ನಲ್ಲಿ ನಿಲ್ಲಿಸಿದೆ. ಮಗು ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ — ಒಂದು ಸಲ ಅಲ್ಲ, ಮೂರು ಸಲ. ಆಮೇಲೆ ಕೂತು ಈ ಸಂತಾಪ ಸಭೆಗೆಂದು ಇದನ್ನು ಬರೆದೆ. ನಿದ್ದೆಗೆಟ್ಟವಳ ಬರಹ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಣ್ಣನ ಬಗ್ಗೆ ಹೇಳಬೇಕು. ನಮ್ಮ ನೀರಿನ ದೂರು ವಿಭಾಗದಲ್ಲಿ ಅವರಿಗೆ "ಮೂರನೇ ಲೈನು" ಎಂದೇ ಹೆಸರು. ಇರುವುದೇ ಮೂರು ಫೋನು. ಒಂದನೆಯದಕ್ಕೆ ಬಂದವರು ವರ್ಷಕ್ಕೊಬ್ಬರಂತೆ ಬದಲಾದರು. ಎರಡನೆಯದು ನಾನು. ಮೂರನೆಯದರಲ್ಲಿ ಇಪ್ಪತ್ತಾರು ವರ್ಷ ಅವರೊಬ್ಬರೇ. ಕಿಟಕಿ ಪಕ್ಕದ ಮೇಜು, ಕಿರುಗುಟ್ಟುವ ಕುರ್ಚಿ, ಮೊನೆ ಮುರಿಯದ ಹಾಗೆ ಬಟ್ಟೆ ಸುತ್ತಿಟ್ಟ ಎರಡು ಪೆನ್ಸಿಲು. ಕಳೆದ ಮಂಗಳವಾರ ಸಂಜೆ "ಬರ್ತೀನಮ್ಮ, ಫ್ಯಾನ್ ಆಫ್ ಮಾಡು" ಎಂದು ಹೋದವರು ಬುಧವಾರ ಬರಲಿಲ್ಲ. ಇಷ್ಟೇ ನಡೆದದ್ದು.

ಅವರಿಗೆ ಒಂದು ಚಾಳಿ ಇತ್ತು. ದೂರು ಬರೆದುಕೊಂಡ ಮೇಲೆ "ತುಂಬಾ ಥ್ಯಾಂಕ್ಸ್" ಎನ್ನುತ್ತಿದ್ದರು. ಒಮ್ಮೆ ಆ ಕಡೆಯವರ ಕೂಗು ನನ್ನ ಮೇಜಿನವರೆಗೂ ಕೇಳಿತು: "ನಾಕು ದಿನದಿಂದ ಸ್ನಾನ ಇಲ್ಲ ಅಂತಿದ್ರೆ ಥ್ಯಾಂಕ್ಸ್ ಅಂತೀಯಲ್ಲಯ್ಯಾ, ತಲೆ ನೆಟ್ಟಗಿದೆಯಾ?"

ಅಣ್ಣ ರಿಸೀವರನ್ನು ಹೀಗೆ — ಕಿವಿಯಿಂದ ಒಂದು ಗೇಣು ದೂರ ಹಿಡಿದು — ಹೇಳಿದರು: "ನೀವು ಹೇಳ್ದೆ ಇದ್ರೆ ಪೈಪ್ ಒಡೆದಿದ್ದು ನಮಗೆ ಹೆಂಗೆ ಗೊತ್ತಾಗ್ಬೇಕು ಸಾರ್? ಅದಕ್ಕೇ ಥ್ಯಾಂಕ್ಸ್."

ಅದನ್ನು ನಾನು ಬೆಣ್ಣೆ ಮಾತು ಎಂದುಕೊಂಡಿದ್ದೆ. ಇರಲಿ.

ಈಗ ಒಂದು ತಾಂತ್ರಿಕ ವಿಷಯ. ಮೂರೂ ಲೈನು ಮಾತಿನಲ್ಲಿದ್ದಾಗ ನಾಲ್ಕನೆಯವರು ಫೋನ್ ಮಾಡಿದರೆ ಅವರಿಗೆ ಒಂದು ಹಾಡು ಕೇಳುತ್ತದೆ. ನಾವು ಯಾರನ್ನಾದರೂ ಹೋಲ್ಡ್‌ನಲ್ಲಿಟ್ಟರೂ ಅದೇ ಹಾಡು. ಕಾಯುವವರಿಗೆ ಮಾತ್ರ ಕೇಳುವ ಹಾಡು. ಎತ್ತುವ ನಮಗೆ ಕೇಳುವುದಿಲ್ಲ. ಆರು ವರ್ಷ ನಾನು ಆ ಕೋಣೆಯಲ್ಲಿ ಕೂತಿದ್ದೇನೆ. ನಮ್ಮ ಹಾಡು ಯಾವುದು ಎಂದು ನನಗೆ ಗೊತ್ತೇ ಇರಲಿಲ್ಲ. ಇಲ್ಲಿ ಯಾರಿಗೆ ಗೊತ್ತಿತ್ತು? — ಯಾರಿಗೂ ಇಲ್ಲ.

ಹೆರಿಗೆ ರಜೆಯಲ್ಲಿದ್ದಾಗ ನನ್ನ ಮನೆಯಲ್ಲಿ ನೀರು ನಿಂತಿತು. ಬೆಳಿಗ್ಗೆ ಹತ್ತೂವರೆ, ಎಲ್ಲರೂ ಫೋನ್ ಮಾಡುವ ಹೊತ್ತು. ತೋಳಿನಲ್ಲಿ ಮಗು, ಬೆಳಕು ಹರಿದಾಗಿನಿಂದ ಒಂದೇ ಸಮನೆ ಅಳು. ಹೊಟ್ಟೆನೋವೋ, ಕಿವಿನೋವೋ, ನನ್ನ ಹಾಲು ಸಾಲದೋ — ಅಷ್ಟರಲ್ಲಿ ನಾನು ಹನ್ನೆರಡು ಕಾಯಿಲೆ ಯೋಚಿಸಿ ಮುಗಿಸಿದ್ದೆ. ಎಲ್ಲ ಲೈನೂ ಮಾತಿನಲ್ಲಿತ್ತು. ಕೈ ಬಿಡುವಿಲ್ಲದೆ ಸ್ಪೀಕರ್ ಹಾಕಿ ಫೋನನ್ನು ಹಾಸಿಗೆಯ ಮೇಲೆ ಎಸೆದೆ. ಮೌತ್ ಆರ್ಗನ್ ಕೇಳಿತು. ದೊಡ್ಡ ವಿದ್ಯೆಯೇನಲ್ಲ. ನಿಧಾನವಾಗಿ ಮೇಲೆ ಹತ್ತಿ, ಒಂದು ಕಡೆ ಸ್ವಲ್ಪ ತಡವರಿಸಿ, ಮತ್ತೆ ಇಳಿದು ಬರುವ ಒಂದು ಮಟ್ಟು. ಕೊನೆಯಲ್ಲಿ ಒಂದು ಕೆಮ್ಮು. ಮತ್ತೆ ಮೊದಲಿನಿಂದ. ನಲವತ್ತೆಂಟು ಸೆಕೆಂಡಿನ ಒಂದು ಸುತ್ತು. ಮೂರನೇ ಸುತ್ತಿಗೆ ಮಗು ಅಳು ನಿಲ್ಲಿಸಿತು. ಐದನೆಯದಕ್ಕೆ ರೆಪ್ಪೆ ಜೋತುಬಿತ್ತು. ಅಷ್ಟರಲ್ಲಿ ಲೈನು ಸಿಕ್ಕಿತು.

"ನಮಸ್ಕಾರ, ದೂರು ವಿಭಾಗ."

"ಅಯ್ಯೋ, ಯಾಕಣ್ಣಾ ಎತ್ತಿದ್ರಿ!"

"ಎತ್ತದಿದ್ರೂ ಬೈತೀರ, ಎತ್ತಿದ್ರೂ ಬೈತೀರ. ಯಾರಮ್ಮ ಇದು?"

"ನಾನು, ಎರಡನೇ ಲೈನು."

"ಓಹೋ, ಬಾಣಂತಿ! ಏನು, ನಿಮ್ಮನೇಲೂ ನೀರಿಲ್ವಾ?"

"ನೀರು ಹಾಳಾಗ್ಲಿ. ಮಗು ಈಗ ತಾನೇ ಕಣ್ಣು ಮುಚ್ಚಿತ್ತು. ಆ ಹಾಡು ಮತ್ತೆ ಹಾಕಿ."

"ಯಾವ ಹಾಡು?"

"ಕಾಯೋವಾಗ ಬರುತ್ತಲ್ಲ, ಅದು."

ಆ ಕಡೆ ಕುರ್ಚಿ ಕಿರುಗುಟ್ಟಿತು. ಆಮೇಲೆ, "ಅದು ಹಾಡಲ್ಲಮ್ಮ, ಸುಮ್ನೆ ಏನೋ. ಇರು" ಎಂದರು. ಗುಂಡಿ ಒತ್ತಿದರು.

ಅಲ್ಲಿಂದ ಹನ್ನೆರಡು ದಿನ ನಾನು ದಿನಾ ನೇರ ಮೂರನೇ ಲೈನಿಗೇ ಫೋನ್ ಮಾಡಿದೆ. ಕಾಲೇಜು ಓದಿದವಳು, ಸರ್ಕಾರಿ ಲೈನು ಹೀಗೆ ಬಳಸಬಾರದೆಂದು ಬಲ್ಲವಳು. ಆದರೂ ಮಾಡಿದೆ. ಅವರು ಮಾತಿಲ್ಲದೆ ಹೋಲ್ಡ್‌ಗೆ ಹಾಕುತ್ತಿದ್ದರು. ಮಗು ಮಲಗಿದ ಮೇಲೆ ನಾನೇ ಇಡುತ್ತಿದ್ದೆ. ಇಷ್ಟವಾದ ಸಂಗೀತ ಯಾವುದು ಎಂದು ಯಾರಾದರೂ ಕೇಳಿದರೆ ನನ್ನದು ಇದೇ. ರಾಗ ಗೊತ್ತಿಲ್ಲ, ಹೆಸರಿಲ್ಲ, ಕೊನೆಗೆ ಕೆಮ್ಮು.

ರಜೆ ಮುಗಿಸಿ ಕೆಲಸಕ್ಕೆ ಬಂದ ದಿನ ಧನ್ಯವಾದ ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಬಂದೆ. ಬಂದು ಹೇಳಿದ್ದು: "ಅಣ್ಣಾ, ಆ ಕಿಟಕಿ ಸ್ವಲ್ಪ ಹಾಕ್ತೀರಾ." ಅವರು ಹಾಕಿದರು. ಆಮೇಲೆ ಒಂದು ವರ್ಷ ಕಳೆಯಿತು. ದಿನಾ ಮೂರು ಅಡಿ ದೂರದಲ್ಲಿ ಇರುವವರಿಗೆ ನಾಳೆ ಹೇಳಿದರಾಯಿತು, ಅಲ್ಲವೇ.

ಶುಕ್ರವಾರ ಅವರ ಮೇಜು ತೆರವು ಮಾಡಿದ್ದು ನಾನೇ. ಕೆಳಗಿನ ಡ್ರಾಯರಿನಲ್ಲಿ ಒಂದು ಮೆಮೊ ಇತ್ತು. ಸದರಿ ಮೂರನೇ ಲೈನನ್ನು ಹನ್ನೆರಡು ದಿನ, ದಿನಕ್ಕೆ ಇಪ್ಪತ್ತು ನಿಮಿಷಕ್ಕೂ ಮೀರಿ ಹಿಡಿದಿಟ್ಟಿದ್ದೇಕೆ, ವಿವರಣೆ ಕೊಡಿ ಎಂದು. — ಮೇಡಂ, ನಿಮ್ಮನ್ನು ದೂರುತ್ತಿಲ್ಲ, ಅದು ನಿಮ್ಮ ಕೆಲಸ. — ಅದರ ಹಿಂದೆ ಅವರ ವಿವರಣೆಯ ನಕಲು, ಒಂದೇ ಸಾಲು: "ದೂರುದಾರರ ದೂರು ಬಗೆಹರಿಯಲು ಅಷ್ಟು ಹೊತ್ತು ಬೇಕಾಯಿತು." ದೂರಿನ ಪುಸ್ತಕ ತೆಗೆದು ನೋಡಿದೆ. ಹನ್ನೆರಡು ದಿನ, ಹನ್ನೆರಡು ಸಾಲು, ಪೆನ್ಸಿಲಿನಲ್ಲಿ. ದೂರು: ಅಳು. ಕ್ರಮ: ಬಗೆಹರಿದಿದೆ. ದೂರು: ಅಳು. ಕ್ರಮ: ಬಗೆಹರಿದಿದೆ.

ಅದೇ ದಿನ ಹೊಸ ಫೋನ್ ಯಂತ್ರ ಹಾಕಲು ಅಳತೆಗೆ ಬಂದ ಟೆಕ್ನಿಷಿಯನ್ ಹಳೆಯ ಪೆಟ್ಟಿಗೆ ತಟ್ಟಿ ಹೇಳಿದರು: "ಇದರಲ್ಲಿ ಊದಿರೋದು ನಿಮ್ಮ ಮೂರನೇ ಲೈನೇ. ಕಂಪನಿ ಹಾಕಿದ್ದ ಟಿಣಿಟಿಣಿ ಕೇಳಿದ್ರೆ ಜನಕ್ಕೆ ಇನ್ನೂ ಪಿತ್ತ ಏರುತ್ತೆ ಅಂತ ಒಂದು ಭಾನುವಾರ ನನ್ನ ಕರೆಸಿ ತುಂಬಿಸಿದ್ರು. ಕೆಮ್ಮು ತೆಗೀತೀನಿ ಅಂದೆ. ಇರ್ಲಿ ಬಿಡಪ್ಪ, ಯಾರು ಕೇಳ್ತಾರೆ ಅಂದ್ರು."

ನಾನು ಇದನ್ನು ಅತ್ತಿಗೆಗೆ ಹೇಳಲು ಓಡಿದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. — ಅತ್ತಿಗೆ, ಸಭೆಯಲ್ಲಿ ಇದನ್ನು ಹೇಳಲೇ ಎಂದು ಕೇಳಿದ್ದೆ. "ಹೇಳು, ಯಾರಿಂದ ಮುಚ್ಚಿಡೋದು" ಅಂದಿರಿ. ಹೇಳುತ್ತೇನೆ.

ಅತ್ತಿಗೆ ಹೇಳಿದ್ದು ಇದು: "ಆಗ ಮಗಳು ಎಳೇ ಕೂಸು. ಇವರು ಊದಿದ್ರೆ ಬೆಚ್ಚಿಬಿದ್ದು ಅಳ್ತಿದ್ಲು. ನಂಗೂ ನಿದ್ದೆ ಇಲ್ಲ, ತಲೆ ಕೆಟ್ಟಿತ್ತು. ಸಾಕು ಮಾಡ್ರೀ ಆ ಪೀಪಿ ಅಂದೆ. ಒಂದೇ ಸಲ ಅಂದಿದ್ದು ಕಣೇ. ಡಬ್ಬಕ್ಕೆ ಹಾಕಿಟ್ಟವರು ಇಪ್ಪತ್ತೆರಡು ವರ್ಷ ಮನೇಲಿ ಮತ್ತೆ ತೆಗೀಲಿಲ್ಲ. ಬಿಟ್ಟೇಬಿಟ್ಟರು ಅಂದ್ಕೊಂಡಿದ್ದೆ."

ಹಾಡನ್ನು ನಾನು ಅವತ್ತೇ ಮೊಬೈಲಿನಲ್ಲಿ ಹಿಡಿದು ತಂದಿದ್ದೆ. ಕೊಟ್ಟೆ. ಕೆಂಡ ಮುಟ್ಟಿದವರಂತೆ ವಾಪಸು ಕೊಟ್ಟರು. "ಯಾವ ಮುಖ ಇಟ್ಕೊಂಡು ಕೇಳ್ಲಿ? ಇನ್ಯಾವಾಗ್ಲಾದ್ರೂ ಕೇಳ್ತೀನಿ."

ಯಾವಾಗ ಬೇಕಾದರೂ ಕೇಳಬಹುದಾದದ್ದನ್ನು ನಾವು ಯಾವತ್ತೂ ಕೇಳುವುದಿಲ್ಲ, ಅತ್ತಿಗೆ. ನಾನು ಕಿಟಕಿ ಹಾಕಿ ಎಂದವಳು. ನನಗೆ ಗೊತ್ತು. ನಿದ್ದೆ ಇಲ್ಲದ ತಾಯಿ ಆಡಿದ ಒಂದು ಮಾತನ್ನು ಅಣ್ಣ ನಿಮ್ಮ ಮೇಲಿನ ದೂರಾಗಿ ಬರೆದಿಟ್ಟುಕೊಂಡವರಲ್ಲ. ಬರೆದಿಟ್ಟುಕೊಂಡಿದ್ದರೆ, ಇನ್ನೊಬ್ಬ ನಿದ್ದೆಗೆಟ್ಟ ತಾಯಿ ಫೋನಿನಲ್ಲಿ ಕಿರುಚಿದಾಗ "ಇರು" ಎನ್ನುತ್ತಿರಲಿಲ್ಲ.

ನಾಳೆ ಬೆಳಿಗ್ಗೆ ಏಳಕ್ಕೆ ಹಳೆಯ ಪೆಟ್ಟಿಗೆ ಬಿಚ್ಚುತ್ತಾರೆ. ಆಮೇಲೆ ಲೈನಿನಲ್ಲಿ ಆ ಹಾಡು ಇರುವುದಿಲ್ಲ. ಇವತ್ತು ರಾತ್ರಿ ಪಾಳಿ ನಾನು ಕೇಳಿ ಹಾಕಿಸಿಕೊಂಡಿದ್ದೇನೆ. ಮಗುವನ್ನು ನಮ್ಮತ್ತೆ ನೋಡಿಕೊಳ್ಳುತ್ತಾರೆ. ಅದರ ಚಿಂತೆ ಬೇರೆ ಇದೆ, ಇರಲಿ. ರಾತ್ರಿ ತೆರೆದಿರುವುದು ಮೂರನೇ ಲೈನು ಒಂದೇ. ಅವರ ಕುರ್ಚಿಯಲ್ಲೇ ಕೂತಿರುತ್ತೇನೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಒಂದು ನಿಮಿಷ ಬೇಡ, ನಲವತ್ತೆಂಟು ಸೆಕೆಂಡು ಸಾಕು. ಗಡಿಯಾರ ನಾನು ನೋಡುತ್ತೇನೆ. ಕೆಮ್ಮು ಬಂದವರು ಕೆಮ್ಮಬಹುದು.

ಅತ್ತಿಗೆ, ನೀವು ಕೂತೇ ಇರಿ. ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ. ಒಂದು ಗಂಟೆಗೋ, ಮೂರಕ್ಕೋ, ನಾನು ಹೇಗೂ ಎಚ್ಚರ ಇರುತ್ತೇನೆ. ನಾನು "ನಮಸ್ಕಾರ, ದೂರು ವಿಭಾಗ" ಎನ್ನುತ್ತೇನೆ. ನೀವು ಏನೂ ಹೇಳಬೇಕಾಗಿಲ್ಲ. ಸುಮ್ಮನಿರಿ. ನೀವೇ ಎಂದು ತಿಳಿದು ಗುಂಡಿ ಒತ್ತುತ್ತೇನೆ. ಎಷ್ಟು ಸುತ್ತು ಬೇಕೋ ಅಷ್ಟು ಕೇಳಿ, ಇಡುವುದು ನೀವೇ ಇಡಿ. ಲೈನು ಹಿಡಿದಿಟ್ಟದ್ದಕ್ಕೆ ಮೆಮೊ ಬಂದರೆ ಬರಲಿ. ವಿವರಣೆ ಹೇಗೆ ಬರೆಯಬೇಕೆಂದು ನನಗೆ ಗೊತ್ತಿದೆ.

ಫೋನ್ ಮಾಡಿ ಅತ್ತಿಗೆ. ಏಳು ಗಂಟೆಯೊಳಗೆ. ದಮ್ಮಯ್ಯ, ಮಾಡಿ.