ನಲವತ್ತೆರಡನೇ ನಂಬರಿನ ಕೊಡೆ

ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಆಗಲೇ ಎರಡು ಸಲ ಗಡಿಯಾರ ನೋಡಿರುವ ನಮ್ಮ ಸಾಹೇಬರೇ, ಮುಂದಿನ ಸಾಲಿನ ಅತಿಥಿಗಳೇ, ಕಡೇ ಸಾಲಿನಲ್ಲಿ ಒಬ್ಬನೇ ಕೂತಿರುವ ಗಡ್ಡದವನೇ, ಮಿಕ್ಕ ಸಭಿಕರೇ,

ಹದಿನೈದು ವರ್ಷ ಈ ಕಟ್ಟಡದ ನೆಲ ಒರೆಸಿದ್ದಕ್ಕೆ ನನಗೆ ಫಲಕ ಕೊಟ್ಟು ಸನ್ಮಾನ ಮಾಡಿದ್ದೀರಿ. ಸಂತೋಷ. ಆದರೆ ನೆಲ ಒರೆಸಿದವರಿಗೆ ಯಾವ ಲೋಕದಲ್ಲಿ ಸನ್ಮಾನ ಮಾಡುತ್ತಾರೆ? ನೀವು ಮಾಡುತ್ತಿರುವುದು ನಾನು ಬೈದದ್ದಕ್ಕೆ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಏಳು ವರ್ಷದ ಹಿಂದೆ ಸಾಹೇಬರ ಮೇಜು ಒರೆಸುವಾಗ, "ಎಡಗಾಲು ಜೋಮು ಹಿಡಿಯುತ್ತೆ, ಯಾಕೆ ಅಂತ ಕಂಪ್ಯೂಟರಲ್ಲಿ ನೀವು ಮಾಡಿರೋ ಹುಡುಕೋ ಯಂತ್ರನ ಕೇಳಿ ಸ್ವಾಮಿ" ಎಂದೆ. ಯಂತ್ರ ಚಪ್ಪಲಿ ಅಂಗಡಿ ತೋರಿಸಿತು. "ಕಾಲಿನ ಕಷ್ಟ ಕೇಳಿದ್ರೆ ಚಪ್ಪಲಿ ಮಾರೋಕೆ ಬರುತ್ತಲ್ಲ, ಇದನ್ನ ಮಾಡೋಕೆ ಇಷ್ಟೊಂದು ಓದಿದೋರು ಬೇಕಿತ್ತಾ?" ಎಂದೆ. ಅವತ್ತಿನಿಂದ ನಾನು ಎಲ್ಲರ ದೊಡ್ಡಮ್ಮ. ಪ್ರತಿ ಮಂಗಳವಾರದ ಮೀಟಿಂಗಿನಲ್ಲಿ ನನಗೊಂದು ಕುರ್ಚಿ. ಹೊಸದೇನು ಮಾಡಿದರೂ ಮೊದಲು ನಾನು ಹುಡುಕಿ ನೋಡಬೇಕು. ನಾನು ಬೈದರೆ ಅದು ಹೊರಗೆ ಹೋಗುವ ಹಾಗಿಲ್ಲ.

ಈ ವರ್ಷ ಪಕ್ಕದ ಬೀದಿಯ ಕಂಪನಿಯವರು ನಮ್ಮ ಹುಡುಕಾಟದ ತಜ್ಞರನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಂಡರು. ಮೂರು ತಿಂಗಳಲ್ಲಿ ನಾಲ್ಕು ಜನ. ಸಾಹೇಬರಿಗೆ ಯಾರನ್ನು ಕಂಡರೂ ಅನುಮಾನ. ಹದಿನೈದು ದಿನದ ಹಿಂದೆ ನಮ್ಮ ಡ್ರೈವರು ಆ ಕಂಪನಿಯ ಬಾಗಿಲಲ್ಲಿ ನಮ್ಮ ಆಫೀಸಿನ ಕೊಡೆ ಕಂಡ. ಹಿಡಿಯ ಮೇಲೆ ನಂಬರು ನಲವತ್ತೆರಡು. ಯಾರದು ನಲವತ್ತೆರಡು? ಗಡ್ಡದವನದು. ಅವನೂ ಅಲ್ಲಿಗೆ ಹೊರಟಿದ್ದಾನೆಂದು ತೀರ್ಮಾನ, ಮುಗಿಯಿತು. ಅವನ ಕಂಪ್ಯೂಟರಿಗೆ ಬೀಗ. ಮೀಟಿಂಗಿಗೆ ಕರೆಯುವವರಿಲ್ಲ, ಪಕ್ಕದಲ್ಲಿ ಕೂತು ಊಟ ಮಾಡುವವರಿಲ್ಲ. ಕೇಳಿದರೆ, "ಕೊಡೆ ಎಲ್ಲೋ ಮರೆತೆ" ಎಂದನಂತೆ.

ಅವನು ಮರೆತಿರಲಿಲ್ಲ. ಮಳೆ ಬರುತ್ತಿದೆಯೆಂದು ನನಗೆ ಕೊಟ್ಟಿದ್ದ. ಎಲ್ಲರಿಗೂ ಕೊಡೆ ಹಂಚಿದ ಕಂಪನಿ, ನೆಲ ಒರೆಸುವವರಿಗೆ ಕೊಟ್ಟಿರಲಿಲ್ಲ ನೋಡಿ.

ಹೌದು, ಹೋದವಳು ನಾನು. ಹಲ್ಲುನೋವು ಎಂದು ರಜೆ ಹಾಕಿ ಹೋದೆ. ಸಾಹೇಬರೇ, ಸ್ವಲ್ಪ ನೀರು ಕುಡಿಯಿರಿ. ಇಲ್ಲಿಂದ ಹೋದ ನಾಲ್ವರೂ ಅಲ್ಲಿ, "ತಪ್ಪು ಮಾಡಿದ್ರೆ ಮುಖಕ್ಕೆ ಹೇಳೋಕೆ ಇಲ್ಲಿ ದೊಡ್ಡಮ್ಮ ಇಲ್ಲವಲ್ಲ" ಎಂದು ಗೊಣಗಿದರಂತೆ. ಆ ಕಂಪನಿಯವರು ದೊಡ್ಡಮ್ಮನನ್ನೇ ಕರೆಸಿದರು. ನಾನು ಯಾಕೆ ಹೋದೆ? ಸಂಬಳಕ್ಕಲ್ಲ. ಜನ್ಮದಲ್ಲಿ ಮೊದಲ ಸಲ ಒಬ್ಬರು ಫೋನು ಮಾಡಿ, "ನೀವು ಬೇಕು, ಬನ್ನಿ" ಎಂದಿದ್ದರು. ನಮ್ಮ ಮನೆಯವರು ಇದ್ದಷ್ಟು ದಿನವೂ ನನ್ನನ್ನು "ಏಯ್" ಎಂದೇ ಕರೆದರು. ಅದು ಬಿಡಿ, ಅದು ಇಲ್ಲಿನ ಮಾತಲ್ಲ.

ಅಲ್ಲಿ ಮೆತ್ತನೆ ಕುರ್ಚಿಯಲ್ಲಿ ಕೂರಿಸಿ, ಒಂದು ಹಾಳೆ ಮುಂದಿಟ್ಟು, "ಬೈಬೇಡಿ ಅಮ್ಮಾ, ಯಂತ್ರ ಕೊಟ್ಟ ಉತ್ತರಕ್ಕೆ ಹತ್ತಕ್ಕೆ ಎಷ್ಟು ಅಂತ ಅಂಕ ಹಾಕಿ ಸಾಕು" ಎಂದರು. ಅಂಕಕ್ಕೆ ಹೆದರಿಯೇ ಶಾಲೆ ಬಿಟ್ಟವಳು ನಾನು. "ನಿಮ್ಮ ಯಂತ್ರ ನೀವೇ ಇಟ್ಕೊಳ್ಳಿ" ಎಂದು ಎದ್ದು ಬಂದೆ.

ಬಂದವಳು ಮಾರನೇ ದಿನವೇ ಹೇಳಬೇಕಿತ್ತು. ಮಂಗಳವಾರದ ಕುರ್ಚಿ ಹೋದೀತೆಂದು ಹೆದರಿದೆ. ಊರಿಗೆಲ್ಲ ಬೈಯುವ ಬಾಯಿಗೆ ಅದೊಂದು ಮಾತು ಬರಲಿಲ್ಲ. ಎಲ್ಲಿಗೆ ಹೋಗಿದ್ದೆನೆಂದು ಗಡ್ಡದವನೊಬ್ಬನಿಗೆ ಗೊತ್ತಿತ್ತು. ಹದಿನೈದು ದಿನವೂ ಅವನ ಮೇಜಿನ ಕೆಳಗೆ ಒರೆಸುವಾಗ ಸುಮ್ಮನೆ ಕಾಲೆತ್ತಿ, "ಊಟ ಆಯ್ತಾ ದೊಡ್ಡಮ್ಮ?" ಎಂದಷ್ಟೇ ಕೇಳುತ್ತಿದ್ದ. ಒಂದು ದಿನ ಬೈದಿದ್ದರೂ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಈಗ ಹೇಳಿದೆ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ನಾರು ಈಚೆ ಬಂದ ಹಾಗಾಯಿತು.

ಬಾರಪ್ಪ ಇಲ್ಲಿ, ನಿನ್ನ ಕೊಡೆ ತಗೋ. ಸಾಹೇಬರೇ, ನಾಳೆ ಮಂಗಳವಾರ. ಇವನ ಬೀಗ ತೆಗೆಸಿ. ಹೂಂ ಎಂದು ತಲೆ ಆಡಿಸಿದಿರಿ, ಸಭೆಯೇ ಸಾಕ್ಷಿ. ನನ್ನ ಕುರ್ಚಿ ಬೇಕಾದರೆ ತೆಗೆದುಬಿಡಿ, ನಾನು ನಿಂತುಕೊಂಡೇ ಬೈಯುತ್ತೇನೆ.

ಫಲಕ ಕೊಟ್ಟವರಿಗೂ, ಕೊಡೆ ಕೊಟ್ಟವನಿಗೂ ಕೈ ಮುಗಿದಿದ್ದೇನೆ. ನಮಸ್ಕಾರ.